ಯಾರೂ ನಿಮ್ಮನ್ನ ಮೋಸಗೊಳಿಸದ ಹಾಗೆ ನೋಡ್ಕೊಳ್ಳಿ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಅಂತ್ಯಕಾಲ, ಕ್ರಿಸ್ತವಿರೋಧಿ, ಮೃಗದ ಗುರುತು, ಸುಳ್ಳು ಪ್ರವಾದಿಗಳು. ಮೈಸೂರು ಮಂಡ್ಯ ಕಡೆ ಸಭೆಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೆರಡು ವಿಡಿಯೋ ಸುತ್ತಾಡ್ತಿದೆ, ಅದನ್ನ ನೋಡಿ ಜನ ಹೆದರಿ ಬರ್ದಿದಾರೆ ಅಂತ ಪತ್ರ ಓದ್ತಾ ಹೋದ ಹಾಗೆ ಗೊತ್ತಾಯ್ತು. ಮದುವೆ ವಿಚಾರ, ಸಭೆ ಆಸ್ತಿ ವಿಚಾರ ಕೇಳಿದ್ದವರು ದಯವಿಟ್ಟು ಕಾಯಬೇಕು, ಮುಂದಿನ ಸಂಚಿಕೇಲಿ ಬರೀತೀನಿ. ಬರೆದವರ ಹೆಸರು ಯಾವುದನ್ನೂ ಹಾಕಿಲ್ಲ. ಒಂದು ಮಾತು ಮೊದಲೇ ಹೇಳ್ತೀನಿ, ನಾನೂ ಯೇಸುಸ್ವಾಮಿಯ ಎರಡನೇ ಬರೋಣವನ್ನ ಮನಸಾರೆ ನಂಬೋನು. ನಂಬೋದ್ರಿಂದಲೇ ಅದರ ಹೆಸರಲ್ಲಿ ನಡೀತಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ (ಮಂಡ್ಯದಿಂದ ಒಬ್ಬ ಅಕ್ಕ): ಮೇಷ್ಟ್ರೇ, ನಮ್ಮ ಗ್ರೂಪಿಗೆ ಒಂದು ವಿಡಿಯೋ ಬಂತು. ಯಾವುದೋ ದೇಶದ ದೊಡ್ಡ ನಾಯಕನ ಹೆಸರು ಬರೆದು ಅಕ್ಷರಕ್ಕೆ ಇಷ್ಟು ನಂಬರ್ ಅಂತ ಕೂಡಿ 666 ತೋರಿಸ್ತಾರೆ, ಇವನೇ ಕ್ರಿಸ್ತವಿರೋಧಿ, ಇನ್ನು ಟೈಮ್ ಇಲ್ಲ ಅಂತಾರೆ. ನೋಡಿದ ದಿನದಿಂದ ನಿದ್ದೆ ಬರ್ತಿಲ್ಲ. ಇದು ನಿಜವಾ?

ಉತ್ತರ: ಅಕ್ಕಾ, ಮೊದಲು ಆ ವಿಡಿಯೋ ಡಿಲೀಟ್ ಮಾಡಿ ಸತ್ಯವೇದ ತೆಗೀರಿ, ಇಬ್ರೂ ಒಟ್ಟಿಗೆ ನೋಡೋಣ. ಕ್ರಿಸ್ತವಿರೋಧಿ ಅನ್ನೋ ಪದ ಸತ್ಯವೇದದ ಕೊನೇ ಪುಸ್ತಕವಾದ ಪ್ರಕಟನೇಲಿ ಎಲ್ಲೂ ಇಲ್ಲ. ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ಮೊದಲಿಂದ ಕೊನೇವರೆಗೂ ಓದಿ ನೋಡಿ, ಸಿಗಲ್ಲ. ಅದು ಇರೋದು ಯೋಹಾನನ ಮೊದಲನೇ ಪತ್ರ, ಎರಡನೇ ಪತ್ರ, ಇವೆರಡರಲ್ಲಿ ಮಾತ್ರ. ಅಲ್ಲಿ ಯೋಹಾನ ಹೇಳೋದೇನು ಅಂದ್ರೆ ಕ್ರಿಸ್ತವಿರೋಧಿ ಬರ್ತಾನೆ ಅಂತ ನೀವು ಕೇಳಿದೀರಿ, ಆದ್ರೆ ಈಗಲೇ ಬಹಳ ಜನ ಕ್ರಿಸ್ತವಿರೋಧಿಗಳು ಬಂದಾಗಿದೆ ಅಂತ. ಒಬ್ಬನಲ್ಲ, ಬಹಳ ಜನ. ಅದರ ಮುಂದಿನ ವಚನ ಇನ್ನೂ ಖಾರವಾಗಿದೆ, ಅವರು ನಮ್ಮೊಳಗಿಂದಲೇ ಹೊರಟವರು ಅಂತಾನೆ. ನಾವು ಸಮುದ್ರದಾಚೆ ದೇಶದಲ್ಲಿ ಹುಡುಕ್ತಾ ಕೂತಿದೀವಿ, ಯೋಹಾನ ನಮ್ಮ ಚಾಪೆ ಮೇಲೆ ಕೂತು ನಮ್ಮ ಜೊತೇಲೇ ಹಾಡಿದವರನ್ನ ತೋರಿಸ್ತಿದಾನೆ.

ಇನ್ನು 666, ಪ್ರಕಟನೆ 13ರಲ್ಲಿ ಬರೋ ಮೃಗದ ಹೆಸರಿನ ಸಂಖ್ಯೆ. ಆ ಕಾಲದಲ್ಲಿ ಇಬ್ರಿಯರಿಗೂ ಗ್ರೀಕರಿಗೂ ನಂಬರಿಗೆ ಅಂತ ಬೇರೆ ಗುರುತು ಇರ್ಲಿಲ್ಲ, ಅಕ್ಷರಗಳನ್ನೇ ಅಂಕಿಯಾಗಿ ಬಳಸ್ತಿದ್ರು, ಅದಕ್ಕೇ ಹೆಸರನ್ನ ಕೂಡಿ ಸಂಖ್ಯೆ ಹೇಳೋದು ಅವರಿಗೆ ಗೊತ್ತಿದ್ದ ಅಭ್ಯಾಸ. ರೋಮಿನ ನೀರೋ ಚಕ್ರವರ್ತಿಯ ಹೆಸರು, ನೆರೋನ್ ಕೈಸರ್ ಅಂತ, ಇಬ್ರಿಯ ಅಕ್ಷರದಲ್ಲಿ ಬರೆದ್ರೆ ನೂನ್ 50, ರೇಶ್ 200, ವಾವ್ 6, ಮತ್ತೆ ನೂನ್ 50, ಆಮೇಲೆ ಕೋಫ್ 100, ಸಾಮೆಕ್ 60, ರೇಶ್ 200. ಒಂದು ಪೇಪರ್ ಮೇಲೆ ನೀವೇ ಕೂಡಿ. 666 ಬರುತ್ತೆ. ಇನ್ನೊಂದು ವಿಷಯ, ಕೆಲವು ತುಂಬ ಹಳೇ ಪ್ರತಿಗಳಲ್ಲಿ 666ರ ಬದಲು 616 ಅಂತ ಇದೆ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ತುಂಡಲ್ಲೂ ಹಾಗೇ ಇದೆ. ನೆರೋನ್ ಅನ್ನೋದನ್ನ ಲ್ಯಾಟಿನ್ ರೀತಿ ನೆರೋ ಅಂತ ಬರೆದು ಕೊನೇ ನೂನ್ ಬಿಟ್ರೆ 50 ಕಮ್ಮಿ ಆಗಿ ಸರಿಯಾಗಿ 616 ಬರುತ್ತೆ. ಇದೆಲ್ಲ ಕಾಕತಾಳೀಯ ಅಂತ ನನಗೆ ಅನ್ಸಲ್ಲ. ಪ್ರಕಟನೆ ಬರೆದಿದ್ದು ಈಗಿನ ಟರ್ಕಿ ದೇಶದ ಏಳು ಊರಿನ ಸಭೆಗಳಿಗೆ, ರೋಮ್ ಚಕ್ರವರ್ತಿಯ ಕಾಲಡಿ ಬದುಕ್ತಿದ್ದ ಜನಕ್ಕೆ, ಆ ಮೃಗ ಅಂದ್ರೆ ಯಾವ ಥರದ ಅಧಿಕಾರ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಅಂಥವನೇ ಕೊನೆಯವನೊಬ್ಬ ಬರಲ್ಲ ಅಂತ ನಾನು ಹೇಳ್ತಿಲ್ಲ, ಬರ್ತಾನೆ ಅಂತಲೇ ನನ್ನ ನಂಬಿಕೆ. ಆದ್ರೆ ಹೆಸರು ಕೂಡಿ ಕಂಡುಹಿಡಿಯೋ ಕೆಲಸ ನಮಗೆ ಕೊಟ್ಟಿಲ್ಲ.

ಎರಡನೇ ಶತಮಾನದಲ್ಲಿ, ಈಗಿನ ಫ್ರಾನ್ಸಿನ ಲಿಯೋನ್ ಊರಲ್ಲಿ ಐರೇನಿಯಸ್ ಅಂತ ಒಬ್ಬ ಬಿಷಪ್ ಇದ್ರು. ಅವರ ಹತ್ರಾನೂ ಜನ ಇದೇ ಕೇಳ್ತಿದ್ರು. ಕೂಡಿದ್ರೆ 666 ಆಗೋ ಎರಡು ಮೂರು ಹೆಸರು ಅವರೇ ತೋರಿಸಿ, ಹೀಗೆ ಸರಿಹೊಂದೋ ಹೆಸರು ಬೇಕಾದಷ್ಟಿದೆ, ಊಹೆ ಮಾಡೋದು ಅಪಾಯ, ಕಾದು ನೋಡೋದೇ ಕ್ಷೇಮ ಅಂದ್ರು. ಆ ಬುದ್ಧಿಮಾತು ಯಾರೂ ಕೇಳ್ಲಿಲ್ಲ. ಪೋಪಿನ ವಿರುದ್ಧ ಎದ್ದ ಲೂಥರ್ ಕಡೆಯವರು ಪೋಪನ್ನ ಕ್ರಿಸ್ತವಿರೋಧಿ ಅಂದ್ರು, ಪೋಪ್ ಕಡೆಯವರು ಲೂಥರ್ ಹೆಸರನ್ನೇ ಕೂಡಿ 666 ತೋರಿಸಿದ್ರು. ನೆಪೋಲಿಯನ್ ಆಯ್ತು, ಮುಸೊಲಿನಿ ಆಯ್ತು, ಹಿಟ್ಲರ್ ಆಯ್ತು, ಅಮೆರಿಕದ ರೊನಾಲ್ಡ್ ವಿಲ್ಸನ್ ರೇಗನ್ ಹೆಸರಿನ ಮೂರೂ ಪದಕ್ಕೆ ಇಂಗ್ಲಿಷಲ್ಲಿ ಆರಾರು ಅಕ್ಷರ ಇದೆ ಅಂತ ಅವರನ್ನೂ ಬಿಡ್ಲಿಲ್ಲ. ಎಲ್ರೂ ಸತ್ತು ಮಣ್ಣಾದ್ರು. ಪ್ರತಿ ಸಲಾನೂ ಯಾವುದೋ ಮನೇಲಿ ನಿಮ್ಮಂಥ ಒಬ್ಬ ಅಕ್ಕ ರಾತ್ರಿಯೆಲ್ಲ ಎದ್ದು ಕೂತಿದ್ದಿರಬೇಕು, ಅದೇ ನನಗೆ ಸಂಕಟ.

ಎಣ್ಣೇಮರಗಳ ಗುಡ್ಡದ ಮೇಲೆ ಶಿಷ್ಯರು ಕೇಳಿದ್ದು ಎರಡೇ, ಯಾವಾಗ ಆಗುತ್ತೆ, ಅದಕ್ಕೆ ಗುರುತೇನು ಅಂತ. ಮತ್ತಾಯ 24 ತೆಗೆದು ನೋಡಿ, ಸ್ವಾಮಿ ಬಾಯಿಂದ ಬಂದ ಮೊದಲ ಮಾತು ತಾರೀಕೂ ಅಲ್ಲ, ಹೆಸರೂ ಅಲ್ಲ. ಯಾರೂ ನಿಮ್ಮನ್ನ ಮೋಸಗೊಳಿಸದ ಹಾಗೆ ನೋಡ್ಕೊಳ್ಳಿ ಅಂತ. ಯುದ್ಧ, ಬರ, ಭೂಕಂಪ ಎಲ್ಲ ಅದಾದ ಮೇಲೆ ಬರುತ್ತೆ.

ಪ್ರಶ್ನೆ (ಮೈಸೂರು ಹೆಬ್ಬಾಳದಿಂದ ಒಬ್ಬ ಯುವಕ, ಸಾಫ್ಟ್‌ವೇರ್ ಕೆಲಸ): ಆಧಾರ್, ಕ್ಯೂಆರ್ ಕೋಡ್, ಕೈಗೆ ಹಾಕೋ ಚಿಪ್, ಇವೆಲ್ಲ ಮೃಗದ ಗುರುತು ಅಂತ ನಮ್ಮ ಮನೇಲಿ ದೊಡ್ಡೋರು ಹೇಳ್ತಾರೆ. ನಾನು ಕೆಲಸ ಮಾಡೋದೇ ಪೇಮೆಂಟ್ ಸಾಫ್ಟ್‌ವೇರಲ್ಲಿ. ಕೆಲಸ ಬಿಡ್ಬೇಕಾ ಸಾರ್?

ಉತ್ತರ: ಬಿಡ್ಬೇಡಪ್ಪ. ಪ್ರಕಟನೆ 13ರ ಕೊನೇಲಿ ಬಲಗೈ ಮೇಲೆ ಇಲ್ಲಾ ಹಣೆ ಮೇಲೆ ಗುರುತು ಅಂತ ಇದೆ, ಅದಿಲ್ಲದೆ ಕೊಳ್ಳೋಕೂ ಆಗಲ್ಲ ಮಾರೋಕೂ ಆಗಲ್ಲ ಅಂತ. ಅಲ್ಲಿಗೆ ಪುಸ್ತಕ ಮುಚ್ಚಿಬಿಡ್ತಾರೆ. ಪುಟ ತಿರುಗಿಸಿದ್ರೆ 14ನೇ ಅಧ್ಯಾಯದ ಮೊದಲನೇ ವಚನದಲ್ಲೇ ಇನ್ನೊಂದು ಗುಂಪಿನ ಹಣೆ ಮೇಲೆ ಯಜ್ಞದ ಕುರಿಯ, ಅಂದ್ರೆ ಯೇಸುಸ್ವಾಮಿಯ ಹೆಸರು, ಅವರ ತಂದೆಯ ಹೆಸರು ಬರೆದಿದೆ. ಅದನ್ನ ಯಾರೂ ಚಿಪ್ಪು ಅನ್ನಲ್ಲ, ಇದನ್ನ ಮಾತ್ರ ಯಾಕೆ ಅಂತಾರೆ? ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನ ಕೈಗೆ ಕಟ್ಕೊಳ್ಳಿ, ಹಣೆಗೆ ಕಟ್ಕೊಳ್ಳಿ ಅಂತ ಇದೆಯಲ್ಲ, ಆ ಭಾಷೆ ಇದು. ಕೈ ಅಂದ್ರೆ ಮಾಡೋ ಕೆಲಸ, ಹಣೆ ಅಂದ್ರೆ ಮನಸ್ಸು. ನೀನು ಯಾರಿಗೆ ಸೇರಿದೋನು ಅನ್ನೋ ಪ್ರಶ್ನೆ.

ಅವತ್ತಿನ ಊರುಗಳಲ್ಲಿ ನೇಯ್ಗೆಯವರು, ಬಣ್ಣದವರು, ಕಂಚುಗಾರರು ಎಲ್ರಿಗೂ ಅವರವರ ಸಂಘ ಇತ್ತು. ಅಪೊಸ್ತಲರ ಕೃತ್ಯಗಳಲ್ಲಿ ಬರೋ ಧೂಮ್ರವರ್ಣದ ಬಟ್ಟೆ ಮಾರೋ ಲುದ್ಯ ಅಂಥದೇ ಊರಾದ ಥುವತೈರದವಳು. ಸಂಘದ ಊಟ ಅಂದ್ರೆ ಅಲ್ಲಿ ಮೂರ್ತಿಗೆ ನೈವೇದ್ಯ, ಚಕ್ರವರ್ತಿಗೆ ಪೂಜೆ. ಮಾಡಲ್ಲ ಅಂದ್ರೆ ವ್ಯಾಪಾರ ಬಂದ್. ಕೊಳ್ಳೋಕಾಗಲ್ಲ ಮಾರೋಕಾಗಲ್ಲ ಅನ್ನೋದು ಅವರಿಗೆ ದಿನಾ ಕಣ್ಣೆದುರಿಗಿದ್ದ ಕಷ್ಟ. ದೇವರಾಜ ಮಾರ್ಕೆಟ್ಟಲ್ಲಿ ಎಳನೀರಿಗೆ ಕ್ಯೂಆರ್ ಸ್ಕ್ಯಾನ್ ಮಾಡೋವಾಗ ನೀನು ಯಾರಿಗೂ ಅಡ್ಡಬೀಳ್ತಿಲ್ಲ. ಈ ಸುಳ್ಳು ಲೆಕ್ಕಕ್ಕೆ ಸಹಿ ಹಾಕು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ ಅಂತ ಯಾರಾದ್ರೂ ಅಂದ ದಿನ ಜ್ಞಾಪಕ ಇಟ್ಕೋ, ಅವತ್ತು ನಿನ್ನ ಬಲಗೈ ವಿಷಯ ನಿಜವಾಗಿ ಬರುತ್ತೆ. ಸರ್ಕಾರ, ಕಂಪನಿ ನಮ್ಮ ಮಾಹಿತಿ ಎಷ್ಟು ಇಟ್ಕೋಬೇಕು ಅನ್ನೋದು ಬೇರೆ ಪ್ರಶ್ನೆ, ಅದನ್ನ ಪ್ರಜೆಯಾಗಿ ಧೈರ್ಯವಾಗಿ ಕೇಳು, ಅದಕ್ಕೆ ಪ್ರಕಟನೆ ಪುಸ್ತಕ ಎಳೀಬೇಕಾಗಿಲ್ಲ.

ಪ್ರಶ್ನೆ (ಮಳವಳ್ಳಿಯಿಂದ ಒಬ್ಬ ಡಿಗ್ರಿ ವಿದ್ಯಾರ್ಥಿ): ಸರ್, ನಾನು ಕ್ರೈಸ್ತ ಅಲ್ಲ, ಫ್ರೆಂಡ್ ಮನೇಲಿ ನಿಮ್ಮ ಪತ್ರಿಕೆ ಓದ್ತೀನಿ. ನಮ್ಮಜ್ಜಿ ನೀಲಗಾರರು ಹಾಡೋ ಮಂಟೇಸ್ವಾಮಿ ಕಥೆ ಕೇಳಿಸಿ ಬೆಳೆಸಿದವರು, ಕಾಲಜ್ಞಾನದ ಮಾತೂ ಹೇಳ್ತಿದ್ರು. ನಿಮ್ಮ ಬೈಬಲಲ್ಲಿ ಬರೋ ಸುಳ್ಳು ರಾಜ ಅಂದ್ರೆ ಯಾರು? ಆಗಿಹೋದವನಾ, ಮುಂದೆ ಬರೋನಾ?

ಉತ್ತರ: ಬರೆದಿದ್ದು ತುಂಬ ಸಂತೋಷ ಆಯ್ತಪ್ಪ. ಅಜ್ಜಿ ಕೇಳಿಸಿದ ಕಥೇಲಿ ಮಂಟೇಸ್ವಾಮಿ ಕೊಳಕು ವೇಷ ಹಾಕ್ಕೊಂಡು ಕಲ್ಯಾಣಕ್ಕೆ ಹೋಗಿ ಶರಣರ ವೇಷದಲ್ಲಿದ್ದವರನ್ನೆಲ್ಲ ಪರೀಕ್ಷೆ ಮಾಡ್ತಾನಲ್ಲ, ಆ ಕಥೆ ಗೊತ್ತಿರೋನಿಗೆ ಬೈಬಲಿನ ಈ ಭಾಗ ಬೇಗ ಅರ್ಥ ಆಗುತ್ತೆ. ಇಲ್ಲೂ ಪ್ರಶ್ನೆ ವೇಷದ್ದೇ.

ಎರಡೂ ಹೌದು, ಆಗಿಹೋದವನೂ ಹೌದು ಬರೋನೂ ಹೌದು. ದಾನಿಯೇಲನ ಪುಸ್ತಕದಲ್ಲಿ ಮೃಗಗಳು, ಕೊಂಬುಗಳು ಬರುತ್ತೆ, 8ನೇ ಅಧ್ಯಾಯದಲ್ಲಿ ಟಗರು ಅಂದ್ರೆ ಮೇದ್ಯ ಪಾರಸಿಯ, ಹೋತ ಅಂದ್ರೆ ಗ್ರೀಸ್ ಅಂತ ಅಲ್ಲೇ ಬಿಡಿಸಿ ಹೇಳಿದೆ. ಅಲೆಕ್ಸಾಂಡರ್ ಕ್ರಿಸ್ತಪೂರ್ವ 323ರಲ್ಲಿ ಸತ್ತ ಮೇಲೆ ರಾಜ್ಯ ಅವನ ದಂಡನಾಯಕರ ಪಾಲಾಯ್ತು, ಆ ಒಂದು ಪಾಲಿನ ವಂಶದಲ್ಲಿ ಬಂದವನು ನಾಲ್ಕನೇ ಅಂತಿಯೋಕ. ತನ್ನ ನಾಣ್ಯದ ಮೇಲೆ ತಾನೇ ಪ್ರತ್ಯಕ್ಷನಾದ ದೇವರು, ಎಪಿಫಾನೆಸ್ ಅಂತ ಬರೆಸಿಕೊಂಡ. ಜನ ಹಿಂದಿನಿಂದ ಅಕ್ಷರ ತಿರುಚಿ ಎಪಿಮಾನೆಸ್, ಅಂದ್ರೆ ಹುಚ್ಚ ಅಂತಿದ್ರು. ಕ್ರಿಸ್ತಪೂರ್ವ 167ರಲ್ಲಿ ಯೆರೂಸಲೇಮಿನ ದೇವಾಲಯದ ಬಲಿಪೀಠದ ಮೇಲೇ ಗ್ರೀಕ್ ದೇವತೆಗೆ ಪೀಠ ಕಟ್ಟಿಸಿದ, ಯೆಹೂದ್ಯರ ಬಲಿ ನಿಲ್ಲಿಸಿದ. ಮೂರು ವರ್ಷ ಆದ್ಮೇಲೆ, 164ರಲ್ಲಿ, ಯೂದ ಮಕ್ಕಬಿಯ ಕಡೆಯವರು ಗುಡಿ ಶುದ್ಧ ಮಾಡಿದ್ರು, ಯೆಹೂದ್ಯರ ಹನುಕ್ಕಾ ಹಬ್ಬ ಅದರ ನೆನಪೇ. ಅಷ್ಟಕ್ಕೇ ಮುಗೀತು ಅಂದ್ಕೊಂಡ್ರೆ, ಸುಮಾರು ಇನ್ನೂರು ವರ್ಷ ಆದ್ಮೇಲೆ ಯೇಸುಸ್ವಾಮಿ ಅದೇ ದಾನಿಯೇಲನ ಮಾತು ಎತ್ತಿ, ಹಾಳುಮಾಡೋ ಅಸಹ್ಯ ವಸ್ತು ನಿಂತಿರೋದನ್ನ ಮುಂದೆ ನೋಡ್ತೀರಿ ಅಂದ್ರು. ಕ್ರಿಸ್ತಶಕ 70ರಲ್ಲಿ ರೋಮಿನ ಸೈನ್ಯ ಆ ದೇವಾಲಯನ ಸುಟ್ಟು ಕೆಡವಿತು. ಅಪೊಸ್ತಲ ಪೌಲನೂ ಥೆಸಲೋನಿಕ ಊರಿನ ಸಭೆಗೆ ಬರೆಯೋವಾಗ ದೇವಾಲಯದಲ್ಲಿ ಕೂತು ನಾನೇ ದೇವರು ಅನ್ನೋ ಅಧರ್ಮಸ್ವರೂಪ ಒಬ್ಬ ಬರ್ತಾನೆ ಅಂತಾನೆ. ಕೆಲವರು ಇದೆಲ್ಲ ನೀರೋ ಕಾಲಕ್ಕೇ ಆಗಿಹೋಯ್ತು ಅಂತಾರೆ, ಕೆಲವರು ಎಲ್ಲ ಮುಂದಿದೆ ಅಂತಾರೆ. ನನ್ನ ಮಟ್ಟಿಗೆ ಅದು ಒಂದು ಅಚ್ಚು, ಆ ಅಚ್ಚಲ್ಲಿ ಕಾಲಕಾಲಕ್ಕೆ ರಾಜರು ಎರಕ ಹೊಯ್ಯಲ್ಪಡ್ತಾ ಬಂದಿದಾರೆ, ಕೊನೆಯವನೂ ಅದರಲ್ಲೇ ಬರೋದು.

ಆ ಅಚ್ಚಿನ ಗುರುತು ಗಮನಿಸು. ದಾನಿಯೇಲ 11ರಲ್ಲಿ ಅಂಥವನು ಕತ್ತಿ ಹಿಡಿದು ನುಗ್ಗಲ್ಲ, ನಯವಾದ ಮಾತಲ್ಲಿ ರಾಜ್ಯ ಹಿಡೀತಾನೆ ಅಂತ ಇದೆ. ಪ್ರಕಟನೆ 13ರ ಎರಡನೇ ಮೃಗಕ್ಕೆ ಕುರಿಮರಿಗೆ ಇರೋ ಥರ ಎರಡು ಕೊಂಬು, ಬಾಯಿ ತೆಗೆದ್ರೆ ಘಟಸರ್ಪದ ಮಾತು. ನಮ್ಮ ಕಡೆ ಗೋಮುಖ ವ್ಯಾಘ್ರ ಅಂತೀವಲ್ಲ, ಅದೇ. ನೋಡೋಕೆ ಭಯ ಆಗೋ ಹಾಗಿದ್ರೆ ಯಾರು ತಾನೇ ಹತ್ರ ಹೋಗ್ತಾರೆ?

ನಿನಗೆ ಒಂದು ಕಥೆ ಹೇಳ್ತೀನಿ, ಇದು ನ್ಯಾಯಸ್ಥಾಪಕರು 9ರಲ್ಲಿದೆ, ಅಂತ್ಯಕಾಲದ್ದಲ್ಲ ಆದ್ರೆ ಸುಳ್ಳು ರಾಜನ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಅಬೀಮೆಲೆಕ ಅನ್ನೋನು ಗುಡಿಯಿಂದ 70 ಬೆಳ್ಳಿ ನಾಣ್ಯ ಇಸ್ಕೊಂಡು ಪೋಲಿಗಳನ್ನ ಕಟ್ಕೊಂಡು ಬಂದು ತನ್ನ 70 ಜನ ಅಣ್ಣತಮ್ಮಂದಿರನ್ನ ಒಂದೇ ಬಂಡೆ ಮೇಲೆ ಕೊಲ್ಲಿಸಿ ರಾಜ ಆಗ್ತಾನೆ. ತಪ್ಪಿಸಿಕೊಂಡ ಕಿರಿ ತಮ್ಮ ಯೋತಾಮ ಬೆಟ್ಟ ಹತ್ತಿ ಊರಿಗೆಲ್ಲ ಕೇಳೋ ಹಾಗೆ ಕೂಗಿ ಹೇಳ್ತಾನೆ. ಮರಗಳೆಲ್ಲ ಸೇರಿ ರಾಜನ್ನ ಹುಡುಕೋಕೆ ಹೊರಟ್ವು. ಎಣ್ಣೇಮರ, ನನ್ನ ಎಣ್ಣೆ ಬಿಟ್ಟು ನಿಮ್ಮ ಮೇಲೆ ಓಲಾಡೋಕೆ ಬರ್ಲಾ ಅಂತು. ಅಂಜೂರ, ನನ್ನ ಸಿಹಿ ಹಣ್ಣು ಬಿಟ್ಟು ಬರ್ಲಾ ಅಂತು. ದ್ರಾಕ್ಷಿಬಳ್ಳೀನೂ ಒಲ್ಲೆ ಅಂತು. ಕೊನೆಗೆ ಮುಳ್ಳಿನ ಗಿಡನ ಕೇಳಿದ್ರೆ ತಕ್ಷಣ ಒಪ್ಕೊಂಡು, ಬನ್ನಿ ನನ್ನ ನೆರಳಲ್ಲಿ ಆಶ್ರಯ ತಗೊಳ್ಳಿ, ಇಲ್ಲಾಂದ್ರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರು ಮರಗಳನ್ನ ಸುಟ್ಟುಬಿಡ್ಲಿ ಅಂತು. ಮುಳ್ಳು ಗಿಡಕ್ಕೆ ನೆರಳೆಲ್ಲಿಂದ ಬರ್ಬೇಕು ಹೇಳು. ನಿಮ್ಮ ಮಳವಳ್ಳಿ ಬಯಲಲ್ಲಿ ಬೇಸಿಗೆ ಮಧ್ಯಾಹ್ನ ಕುರಿ ಕಾಯೋ ಹುಡುಗರನ್ನ ಕೇಳಿದ್ರೂ ಹೇಳ್ತಾರೆ, ಹುಣಸೇಮರದ ಕೆಳಗೆ ಕೂರ್ತಾರೆ ಹೊರತು ಜಾಲಿ ಪೊದೆ ಕೆಳಗೆ ಕೂರಲ್ಲ.

ಪ್ರಶ್ನೆ (ಪಾಂಡವಪುರ ಕಡೆಯಿಂದ ಒಬ್ಬ ತಂಗಿ): ಮೇಷ್ಟ್ರೇ, ಅಳ್ತಾ ಬರೀತಿದೀನಿ. ನಮ್ಮನೆಯವರು ಒಂದು ವರ್ಷದಿಂದ ಹೊರಗಿನಿಂದ ಬಂದ ಒಬ್ಬರ ಮನೆಕೂಟಕ್ಕೆ ಹೋಗ್ತಿದಾರೆ, ಅವರು ತಮ್ಮನ್ನ ಪ್ರವಾದಿ ಅಂತ ಹೇಳ್ಕೊಳ್ತಾರೆ. ಸುಳ್ಳು ರಾಜ ಬರೋ ದಿನ ಗೊತ್ತಾಗಿದೆ, ಬ್ಯಾಂಕೆಲ್ಲ ಮುಚ್ಚುತ್ತೆ, ಅದಕ್ಕೆ ಮುಂಚೆ ಇದ್ದಿದ್ದು ಮಾರಿ ಕಾಣಿಕೆ ಕೊಟ್ರೆ ಕಾಡಂಚಲ್ಲಿ ಅಡಗುತಾಣ ಕಟ್ಟಿ ಸೇರಿಸ್ಕೋತೀನಿ ಅಂದಿದಾರಂತೆ. ನಮಗಿರೋದು 30 ಗುಂಟೆ ಗದ್ದೆ. ಪಿಯುಸಿ ಓದೋ ಮಗಳ ಫೀಸೂ ಕಟ್ಟಿಲ್ಲ, ಲೋಕವೇ ಮುಗಿಯೋವಾಗ ಓದು ಯಾಕೆ ಅಂತಾರೆ. ನಾನು ಕೇಳಿದ್ರೆ ನಿನ್ನಲ್ಲಿ ಅವಿಶ್ವಾಸದ ಆತ್ಮ ಇದೆ ಅಂತಾರೆ. ಏನ್ ಮಾಡ್ಲಿ?

ಉತ್ತರ: ತಂಗೀ, ಯಾವ ಪೇಪರಿಗೂ ಸಹಿ ಹಾಕ್ಬೇಡ, ಹೆಬ್ಬೆಟ್ಟೂ ಒತ್ಬೇಡ. ಪಹಣಿ, ಪತ್ರ ಎಲ್ಲಿದೆ ನೋಡ್ಕೊಂಡು ಜೆರಾಕ್ಸ್ ಮಾಡಿಸಿ ತೌರುಮನೇಲಿ ಒಂದು ಇಡು, ಪಾಂಡವಪುರದಲ್ಲೇ ಯಾರಾದ್ರೂ ವಕೀಲರ ಹತ್ರ ಹೋಗಿ ನಿನ್ನ ಹಕ್ಕೇನು ಅಂತ ಕೇಳು. ಇದನ್ನ ಮಾಡೋಕೆ ಅವಿಶ್ವಾಸ ಬೇಕಾಗಿಲ್ಲ. ಇನ್ನು ನಾನು ಹೇಳೋದು ಸ್ವಲ್ಪ ಉದ್ದ ಆಗುತ್ತೆ, ನಿನ್ನ ಮನೆಯವರಿಗೂ ಓದಿಸು ಅಂತಲೇ ಬರೀತಿದೀನಿ.

1999ರಲ್ಲಿ ನಮ್ಮ ಸೋದರಮಾವ ಮಂಡ್ಯ ಪಕ್ಕದ ಹಳ್ಳೀಲಿದ್ರು, ನಾಲೆ ನೀರಿನ ಒಂದೆಕರೆ ಕಬ್ಬು. ಆಗ ಎಲ್ಲಾ ಕಡೆ ಸುದ್ದಿ, 2000 ಹುಟ್ಟಿದ ತಕ್ಷಣ ಕಂಪ್ಯೂಟರೆಲ್ಲ ನಿಂತುಹೋಗುತ್ತೆ ಅಂತ. ಒಬ್ಬ ಬೋಧಕ ಬಂದು ಆ ಗಲಾಟೇಲೇ ಕ್ರಿಸ್ತವಿರೋಧಿ ಎದ್ದು ಬರ್ತಾನೆ, ಡಿಸೆಂಬರ್ 31ಕ್ಕೆ ಎಲ್ಲ ಮುಗೀತು ಅಂದ. ಮಾವ ಆ ಮಾತು ನಂಬಿ, ಇನ್ನೂ ಒಂಬತ್ತು ತಿಂಗಳಾಗಿರದ ಎಳೇ ಕಬ್ಬು ಕಡಿಸಿ ಆಲೆಮನೆಗೆ ಹಾಕಿದ್ರು, ದುಡ್ಡು ಆ ಕೂಟಕ್ಕೆ ಕೊಡ್ಬೇಕಿತ್ತು. ನಾನು ಅವತ್ತು ಅಲ್ಲಿದ್ದೆ. ಕೊಪ್ಪರಿಗೇಲಿ ಎಷ್ಟು ಕುದಿಸಿದ್ರೂ ಪಾಕ ಬರ್ತಿಲ್ಲ, ಅಚ್ಚಿಗೆ ಹೊಯ್ದ ಬೆಲ್ಲ ಗಟ್ಟಿ ಆಗ್ಲಿಲ್ಲ, ಬೆಳಿಗ್ಗೆ ಬೋರಲು ಹಾಕಿದ್ರೆ ಕಪ್ಪಗೆ ಅಂಟಂಟಾಗಿ ಜಾರಿ ನೆಲಕ್ಕೆ ಬಿತ್ತು. ಆಲೆಮನೆಯವನು ಬೈಲಿಲ್ಲ, ಮಾವನ ಮುಖ ನೋಡಿ ಸುಮ್ನೆ ಕೊಡದಲ್ಲಿ ನೀರು ತಂದು ತೊಳೆದ. ಬಂದಷ್ಟು ಬಿಡಿಗಾಸು, ಜೊತೆಗೆ ಎತ್ತಿನ ಜೋಡಿ ಮಾರಿದ ದುಡ್ಡು, ಎರಡೂ ಕಾಣಿಕೆ ಆಯ್ತು. ಜನವರಿ 1ರ ಬೆಳಿಗ್ಗೆ ಕೋಳಿ ಕೂಗ್ತು, ಬಸ್ಸು ಬಂತು, ಮಾವ ಜಗುಲಿ ಮೇಲೆ ಟವೆಲ್ ಮುಖಕ್ಕೆ ಹಾಕ್ಕೊಂಡು ಕೂತಿದ್ರು. ಆ ಬೋಧಕ ಮತ್ತೆ ಯಾವತ್ತೂ ಆ ಊರ ಕಡೆ ತಲೆ ಹಾಕ್ಲಿಲ್ಲ. ಮಾವಾನೂ ಮತ್ತೆ ಯಾವತ್ತೂ ಚರ್ಚಿಗೆ ಬರ್ಲಿಲ್ಲ. ಸುಳ್ಳು ಹೇಳಿದೋನು ಆರಾಮಾಗಿ ಇನ್ನೊಂದೂರಿಗೆ ಹೋದ, ನಂಬಿದೋನು ನಾಚಿಕೆ ಹೊತ್ಕೊಂಡು ಸಾಯೋವರೆಗೂ ಕೂತ. ನಾನು ಆಗಲೇ ಸಂಡೇ ಸ್ಕೂಲ್ ಮೇಷ್ಟ್ರು, ಮತ್ತಾಯ 24 ನನಗೆ ಬಾಯಿಪಾಠ. ದೊಡ್ಡೋರಿಗೆ ಎದುರು ಮಾತಾಡ್ಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ. ಅದಕ್ಕೇ ತಂಗೀ ಇವತ್ತು ನಿನಗೆ ಇಷ್ಟುದ್ದ ಬರೀತಿರೋದು.

ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ, ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಅಂದ್ರೆ ತನಗೂ ಗೊತ್ತಿಲ್ಲ ಅಂತ ಸ್ವಾಮಿಯೇ ಹೇಳಿದಾರೆ. ಇದಾದ ಮೇಲೂ ತಾರೀಕು ಹೇಳೋರು ಬರ್ತಾನೇ ಇದಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅಂತ ಒಬ್ಬ ರೈತ ದಾನಿಯೇಲನ 2300 ದಿನದ ಲೆಕ್ಕ ಹಿಡಿದು ಬರೋಣ ಹತ್ರ ಇದೆ ಅಂತ ಸಾರಿದ, ಅವನ ಗುಂಪಿನವರು ಕೊನೆಗೆ 1844ರ ಅಕ್ಟೋಬರ್ 22 ಅಂತ ನಿಗದಿ ಮಾಡಿದ್ರು, ಕೆಲವರು ಹೊಲದಲ್ಲಿ ಬೆಳೆದಿದ್ದನ್ನ ಕೀಳದೇ ಬಿಟ್ಟು ಕಾದು ಕೂತ್ರು. ಆ ದಿನ ಬಂದು ಹೋಯ್ತು, ಚರಿತ್ರೇಲಿ ಅದಕ್ಕೆ ಮಹಾ ನಿರಾಶೆ ಅಂತಲೇ ಹೆಸರು. ಹೆರಾಲ್ಡ್ ಕ್ಯಾಂಪಿಂಗ್ ಅನ್ನೋ ರೇಡಿಯೋ ಬೋಧಕ 2011ರ ಮೇ 21 ಅಂದ, ಆಗ್ಲಿಲ್ಲ, ಅಕ್ಟೋಬರ್ 21 ಅಂದ, ಅದೂ ಆಗ್ಲಿಲ್ಲ, ಮಾರನೇ ವರ್ಷ ತಾನು ಮಾಡಿದ್ದು ಪಾಪ ಅಂತ ಒಪ್ಕೊಂಡ. ಒಪ್ಕೊಂಡಿದ್ದು ದೊಡ್ಡದೇ, ಆದ್ರೆ ಅಷ್ಟೊತ್ತಿಗೆ ಕೆಲವರ ಕೂಡಿಟ್ಟ ದುಡ್ಡು ಹೋಗಿತ್ತು.

ಇನ್ನು ಆ ಅಡಗುತಾಣ. ಮತ್ತಾಯ 24ರಲ್ಲಿ ಇದರ ವಿಷಯ ನೇರವಾಗೇ ಇದೆ. ನೋಡಿ ಕ್ರಿಸ್ತ ಅಡವೀಲಿದಾನೆ ಅಂದ್ರೆ ಹೋಗ್ಬೇಡಿ, ಒಳಕೋಣೇಲಿದಾನೆ ಅಂದ್ರೆ ನಂಬ್ಬೇಡಿ ಅಂತ. ಯಾಕಂದ್ರೆ ಅವರ ಬರೋಣ ಮೂಡಲಿಂದ ಪಡುವಲಿಗೆ ಮಿಂಚು ಹೊಳೆದ ಹಾಗೆ ಎಲ್ರಿಗೂ ಕಾಣೋದು. ಗುಟ್ಟಾಗಿ ಕಾಡಂಚಿಗೆ ಬಾ, ದುಡ್ಡು ತಗೊಂಡು ಬಾ, ಯಾರಿಗೂ ಹೇಳ್ಬೇಡ ಅನ್ನೋದು ಯಾವ ಮಿಂಚಮ್ಮಾ?

ಪ್ರವಾದೀನ ಪರೀಕ್ಷೆ ಮಾಡೋದು ಅವಿಶ್ವಾಸ ಅಂತಾರಂತಲ್ಲ. ಪರೀಕ್ಷೆ ಮಾಡಿ ಅಂತ ಹೇಳಿರೋದೇ ಸತ್ಯವೇದ. ಪ್ರವಾದನೆಗಳನ್ನ ತಾತ್ಸಾರ ಮಾಡ್ಬೇಡಿ, ಎಲ್ಲಾನೂ ಪರೀಕ್ಷಿಸಿ ಒಳ್ಳೇದನ್ನ ಹಿಡ್ಕೊಳ್ಳಿ ಅಂತ ಪೌಲ ಒಂದೇ ಉಸಿರಲ್ಲಿ ಹೇಳ್ತಾನೆ. ಧರ್ಮೋಪದೇಶಕಾಂಡ 18ರಲ್ಲಿ ದೇವರ ಹೆಸರಲ್ಲಿ ಹೇಳಿದ್ದು ನಡೀದಿದ್ರೆ ಅದು ದೇವರ ಮಾತಲ್ಲ, ಅವನಿಗೆ ಹೆದರ್ಬೇಡಿ ಅಂತ ಇದೆ. 13ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ, ಹೇಳಿದ ಅದ್ಭುತ ನಡೆದೇ ಹೋದ್ರೂ ಅವನು ನಿಮ್ಮನ್ನ ದೇವರಿಂದ ಬೇರೆ ಕಡೆ ಎಳೆದ್ರೆ ಕೇಳ್ಬೇಡಿ ಅಂತ. ಆ ಮನುಷ್ಯ ನಿನ್ನ ಯಜಮಾನರ ತಲೆನೋವು ವಾಸಿ ಮಾಡಿರಬಹುದು, ಯಾರೋ ಹೇಳದ ಗುಟ್ಟು ಹೇಳಿರಬಹುದು, ಅಷ್ಟರಿಂದ ಏನೂ ಸಾಬೀತಾಗಲ್ಲ.

ಅಣ್ಣಾ, ನೀವು ಇದನ್ನ ಓದ್ತಿದ್ರೆ ನಿಮಗೂ ಒಂದು ಮಾತು. ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಹೆಂಡ್ತಿ ಮಕ್ಕಳನ್ನ ಉಳಿಸ್ಕೋಬೇಕು ಅಂತಲೇ ನೀವು ಹೊರಟಿರೋದು. ಯೆರೆಮೀಯ 28 ಓದಿ. ಹನನ್ಯ ಅಂತ ಒಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ರೆದುರಿಗೆ ಯೆರೆಮೀಯನ ಕತ್ತಲ್ಲಿದ್ದ ಮರದ ನೊಗ ಮುರಿದು ಹಾಕಿ ಎರಡೇ ವರ್ಷದಲ್ಲಿ ಬಾಬೆಲ್ ರಾಜನ ನೊಗ ಮುರಿದು ಎಲ್ಲ ಸರಿಹೋಗುತ್ತೆ ಅಂತ ತಾರೀಕು ಕೊಟ್ಟ. ಜನಕ್ಕೆ ಎಷ್ಟು ಖುಷಿಯಾಗಿರಬೇಕು. ಯೆರೆಮೀಯ ಹೇಳಿದ್ದು 70 ವರ್ಷ. ಆ ಎರಡು ವರ್ಷ ಸುಳ್ಳಾಯ್ತು, ಹನನ್ಯ ಅದೇ ವರ್ಷ ಸತ್ತ. ಮುಂದಿನ ಅಧ್ಯಾಯದಲ್ಲಿ, ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರದಲ್ಲಿ ಏನಿದೆ ನೋಡಿ, ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ ಅಂತ.

ಆಮೇಲೆ 32ನೇ ಅಧ್ಯಾಯ ಓದಿ, ಇದನ್ನ ದಯವಿಟ್ಟು ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನ ಸುತ್ತಿಕೊಂಡಿದೆ, ಪಟ್ಟಣ ಬೀಳುತ್ತೆ ಅಂತ ಹೇಳಿದ್ದಕ್ಕೇ ಯೆರೆಮೀಯನ್ನ ಕಾವಲಲ್ಲಿ ಇಟ್ಟಿದಾರೆ. ಅಂತ್ಯ ಅನ್ನೋದು ಅವನಿಗೆ ಗೋಡೆಯಾಚೆ ಕೇಳಿಸ್ತಿದೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತ್ ಊರಿನ ಹೊಲ ಕೊಂಡ್ಕೋ ಅಂತಾನೆ. ಶತ್ರು ಕೈಗೆ ಹೋಗೋ ಹೊಲ. ಯೆರೆಮೀಯ ತಕ್ಕಡೀಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಬಹಳ ದಿನ ಉಳಿಯೋ ಹಾಗೆ ಮಣ್ಣಿನ ಮಡಕೇಲಿ ಇಡು ಅಂತ ತನ್ನ ಬರಹಗಾರ ಬಾರೂಕನ ಕೈಗೆ ಕೊಡ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳೋ ಕಾಲ ಬರುತ್ತೆ ಅನ್ನೋ ದೇವರ ಮಾತಿಗೆ ಅದೇ ಗುರುತು. ನಿಜವಾದ ಪ್ರವಾದಿ ಅಂತ್ಯ ಬಾಗಿಲಿಗೆ ಬಂದಾಗ ಹೊಲ ಕೊಂಡ. ನಿಮ್ಮವನು ನಿಮ್ಮ 30 ಗುಂಟೆ ಮಾರಿಸ್ತಿದಾನೆ. ಲೋಕ ಮುಗಿಯುತ್ತೆ ಅನ್ನೋನಿಗೆ ಆ ದುಡ್ಡು ಯಾಕೆ ಬೇಕು ಅಂತ ಅವನನ್ನೇ ಮುಖಾಮುಖಿ ಕೇಳಿ, ಬೈದ್ರೆ ಬೈಸ್ಕೊಳ್ಳಿ, ಆ ಬೈಗುಳದಲ್ಲೇ ನಿಮಗೆ ಉತ್ತರ ಸಿಗುತ್ತೆ.

ತಂಗೀ, ಜಗಳ ಆಡ್ಬೇಡ, ಆದ್ರೆ ಮಗಳ ಫೀಸ್ ಮಾತ್ರ ತಡ ಮಾಡ್ಬೇಡ, ತೌರಿನವರ ಹತ್ರ ಕೇಳಿಯಾದ್ರೂ ಕಟ್ಟು. ನಿಮ್ಮ ಸಭೆಯ ಅಯ್ಯನವರನ್ನ, ಇಬ್ಬರು ಹಿರಿಯರನ್ನ ಮನೆಗೆ ಕರೆಸಿ ಊಟಕ್ಕೆ ಕೂರಿಸು, ಊಟ ಆದ್ಮೇಲೆ ಮಾತು ಬರ್ಲಿ. ಎಲ್ಲಕ್ಕಿಂತ ಮುಖ್ಯ, ಇವತ್ತಲ್ಲ ನಾಳೆ ಆ ತಾರೀಕು ಸುಳ್ಳಾಗುತ್ತೆ, ಅವತ್ತು ನಿನ್ನ ಯಜಮಾನರು ಜಗುಲಿ ಮೇಲೆ ಮುಖ ಮುಚ್ಕೊಂಡು ಕೂತಿರ್ತಾರೆ. ಆಗ ನಾನು ಮೊದಲೇ ಹೇಳಿರ್ಲಿಲ್ವಾ ಅಂತ ಅನ್ನಬೇಡ. ಕಾಫಿ ತಗೊಂಡು ಹೋಗಿ ಪಕ್ಕದಲ್ಲಿ ಕೂತ್ಕೋ. ನಮ್ಮ ಮಾವನಿಗೆ ಅದನ್ನ ಯಾರೂ ಮಾಡ್ಲಿಲ್ಲ.

ಪ್ರಶ್ನೆ (ಮೈಸೂರಿನಿಂದ, ನಾಲ್ಕನೇ ಕ್ಲಾಸ್ ಹುಡುಗಿ, ಪೆನ್ಸಿಲಲ್ಲಿ ಬರೆದಿದ್ದು): ಅಂಕಲ್, ರಾತ್ರಿ ಎಚ್ಚರ ಆದಾಗ ಅಮ್ಮ ಪಕ್ಕದಲ್ಲಿ ಇಲ್ಲದಿದ್ರೆ ಎಲ್ರನ್ನೂ ಯೇಸಪ್ಪ ಮೇಲಕ್ಕೆ ಎತ್ಕೊಂಡುಬಿಟ್ರು, ನನ್ನೊಬ್ಬಳನ್ನ ಮೃಗಕ್ಕೆ ಬಿಟ್ಟು ಹೋದ್ರು ಅಂತ ಭಯ ಆಗುತ್ತೆ. ನಾನು ಏನ್ ತಪ್ಪು ಮಾಡಿದ್ದೆ ಅಂತ ಯೋಚ್ನೆ ಮಾಡ್ತೀನಿ.

ಉತ್ತರ: ಪುಟ್ಟೀ, ನೀನು ಏನೂ ತಪ್ಪು ಮಾಡಿಲ್ಲ. ಯೇಸಪ್ಪ ಮಕ್ಕಳನ್ನ ತಡೀಬೇಡಿ, ನನ್ನ ಹತ್ರ ಬಿಡಿ ಅಂತ ದೊಡ್ಡೋರನ್ನೇ ಗದರಿದವರು. ಶಿಷ್ಯರು ಹೆದರಿ ಕೂತಿದ್ದ ರಾತ್ರಿ ನಿಮ್ಮನ್ನ ಅನಾಥರಾಗಿ ಬಿಟ್ಟು ಹೋಗಲ್ಲ ಅಂತ ಮಾತು ಕೊಟ್ಟಿದಾರೆ, ಯೋಹಾನ 14ರಲ್ಲಿದೆ, ಅಮ್ಮನ ಹತ್ರ ಓದಿಸ್ಕೋ. ಎಚ್ಚರ ಆದಾಗ ಭಯ ಪಟ್ಕೊಂಡು ಸುಮ್ನೆ ಮಲಗ್ಬೇಡ, ಲೈಟ್ ಹಾಕು, ಜೋರಾಗಿ ಅಮ್ಮಾ ಅಂತ ಕೂಗು. ಅಮ್ಮ ಬಚ್ಚಲುಮನೇಲೋ, ಅಡುಗೆಮನೇಲಿ ನೀರು ಕುಡಿಯೋಕೋ ಹೋಗಿರ್ತಾರೆ.

ಪುಟ್ಟಿಯ ಅಪ್ಪ ಅಮ್ಮನಿಗೆ: ಆ ವಿಡಿಯೋಗಳನ್ನ ಮಗು ಇರೋ ರೂಮಲ್ಲಿ ಸೌಂಡ್ ಇಟ್ಟು ಹಾಕ್ಬೇಡಿ. ಸ್ವಲ್ಪ ದಿನ, ರಾತ್ರಿ ಎದ್ದು ಹೋಗೋವಾಗ ಮಗೂನ ಮೆಲ್ಲಗೆ ತಟ್ಟಿ, ಇಲ್ಲೇ ಹೋಗಿ ಬರ್ತೀನಿ ಕಂದಾ ಅಂತ ಹೇಳಿ ಹೋಗಿ.